ಹಾರದ ಚಿನ್ನ, ಮಣಿಯ ತೂಕ

ಹಿಜರಿ 7ನೆಯ ವರ್ಷ, ಅಂದರೆ ಕ್ರಿ.ಶ. 628. ಖೈಬರ್‌ನ ಕೋಟೆಗಳು ಮುಸ್ಲಿಮರ ಕೈಸೇರಿದ ದಿನಗಳವು. ಅನ್ಸಾರಿ ಸಹಾಬಿ ಫಝಾಲ ಬಿನ್ ಉಬೈದ್(ರ) ಅಲ್ಲಿ ಒಂದು ಹಾರವನ್ನು ಕೊಂಡರು. ಅದರಲ್ಲಿ ಚಿನ್ನವೂ ಇತ್ತು, ಮಣಿಗಳೂ ಇದ್ದವು. ಕೊಟ್ಟ ಬೆಲೆ 12 ದೀನಾರ್. ಆಮೇಲೆ ಅವರು ಹಾರವನ್ನು ಬಿಡಿಸಿ, ಮಣಿಗಳನ್ನು ಒಂದು ಕಡೆ, ಚಿನ್ನವನ್ನು ಇನ್ನೊಂದು ಕಡೆ ಇಟ್ಟು ನೋಡಿದಾಗ ಚಿನ್ನವೊಂದೇ 12 ದೀನಾರ್‌ಗಳಿಗಿಂತ ಹೆಚ್ಚಿತ್ತು. ಲಾಭವಾಯಿತೆಂದು ಸುಮ್ಮನಿರಬಹುದಿತ್ತು. ಅವರು ಸುಮ್ಮನಿರದೆ ಪ್ರವಾದಿವರ್ಯರ(ಸ) ಬಳಿಗೆ ಹೋಗಿ ವಿಷಯ ತಿಳಿಸಿದರು. ಬಿಡಿಸಿ ಬೇರ್ಪಡಿಸುವ ತನಕ ಅಂಥದ್ದನ್ನು ಮಾರಬಾರದೆಂಬ ಆದೇಶ ಬಂತು. ಸಹೀಹ್ ಮುಸ್ಲಿಮ್‌ನಲ್ಲಿ ಈ ವರದಿ ಇದೆ.

ನಾವು ಸಾಮಾನ್ಯವಾಗಿ ಇದನ್ನು ಬಡ್ಡಿಯ ಕುರಿತಾದ ಪಾಠವೆಂದು ಓದಿ ಮುಂದೆ ಸಾಗುತ್ತೇವೆ. ಅದರೊಳಗೆ ಇನ್ನೊಂದು ಬೇಡಿಕೆಯೂ ಅಡಗಿದೆ. ಬೆಲೆ ಕಟ್ಟುವ ಮೊದಲು ವಸ್ತುವಿನಲ್ಲಿ ಏನೇನಿದೆ, ಎಷ್ಟೆಷ್ಟಿದೆ ಎಂಬುದು ತಿಳಿದಿರಬೇಕು. ಮಿಶ್ರಣವನ್ನು ಬೇರ್ಪಡಿಸುವುದು, ಶುದ್ಧತೆಯನ್ನು ಅಳೆಯುವುದು ಇಂದು ನಮ್ಮ ಮಕ್ಕಳಿಗೆ ಶಾಲೆಯ ರಸಾಯನಶಾಸ್ತ್ರದ ಆರಂಭದ ಪಾಠ. ಆದರೆ ಮುಸ್ಲಿಮ್ ಜಗತ್ತಿನಲ್ಲಿ ಹಲವು ಶತಮಾನಗಳ ಕಾಲ ಅದು ಕಾಝಿಯ, ಟಂಕಸಾಲೆಯ ಅಧಿಕಾರಿಯ, ಪೇಟೆಯ ಮೇಲ್ವಿಚಾರಕನ ದಿನನಿತ್ಯದ ತೊಡಕಾಗಿತ್ತು. ಆ ತೊಡಕನ್ನು ಅವರು ಹೇಗೆ ಬಿಡಿಸಿಕೊಂಡರು?

ಮೊದಲು ನಿಯಮವನ್ನು ನೋಡೋಣ. ಚಿನ್ನಕ್ಕೆ ಚಿನ್ನವನ್ನು ವಿನಿಮಯ ಮಾಡುವಾಗ ತೂಕ ಸಮವಾಗಿರಬೇಕು, ವಹಿವಾಟು ಕೈಯಿಂದ ಕೈಗೆ ನಡೆಯಬೇಕು. ಒಂದರ ಗುಣಮಟ್ಟ ಉತ್ತಮ, ಇನ್ನೊಂದರದು ಕಳಪೆ ಎಂಬ ಕಾರಣಕ್ಕೆ ತೂಕದಲ್ಲಿ ಏರುಪೇರು ಮಾಡುವಂತಿಲ್ಲ. ಖೈಬರ್‌ನ ಉತ್ತಮ ಖರ್ಜೂರದ ಪ್ರಸಂಗ ಪ್ರಸಿದ್ಧವಾಗಿದೆ. ಸಾಮಾನ್ಯ ಖರ್ಜೂರದ ಎರಡು ಅಳತೆ ಕೊಟ್ಟು ಉತ್ತಮವಾದದ್ದನ್ನು ಒಂದು ಅಳತೆ ಪಡೆಯುತ್ತಿದ್ದವರಿಗೆ, ಮೊದಲು ಕೈಯಲ್ಲಿರುವುದನ್ನು ದಿರ್ಹಮ್‌ಗಳಿಗೆ ಮಾರಿ ಆ ಹಣದಿಂದ ಬೇಕಾದುದನ್ನು ಕೊಳ್ಳಬೇಕೆಂದು ಪ್ರವಾದಿ(ಸ) ಸೂಚಿಸಿದರು. ಚಿನ್ನದೊಂದಿಗೆ ಮಣಿಯೋ ಬೇರೆ ಲೋಹವೋ ಸೇರಿಕೊಂಡಿದ್ದರೆ ಏನು ಮಾಡಬೇಕೆಂಬಲ್ಲಿ ಇಮಾಮರು ಬೇರೆ ಬೇರೆ ದಾರಿ ಹಿಡಿದರು. ಫಝಾಲರ(ರ) ಹಾರವನ್ನೇ ಆಧಾರವಾಗಿಟ್ಟು ಶಾಫಿಈ ಪಂಥದವರು, ಬೇರ್ಪಡಿಸದೆ ಚಿನ್ನಕ್ಕೆ ಮಾರುವುದು ಸಲ್ಲದೆಂದರು. ಕೊಡುವ ಬಿಡಿ ಚಿನ್ನವು ಆಭರಣದೊಳಗಿನ ಚಿನ್ನಕ್ಕಿಂತ ಹೆಚ್ಚೆಂಬುದು ಖಚಿತವಾಗಿದ್ದರೆ ಸಲ್ಲುತ್ತದೆ, ಹೆಚ್ಚಾದ ಪಾಲು ಮಣಿಗಳ ಬೆಲೆಯಾಗುತ್ತದೆ ಎಂದು ಹನಫಿಗಳು ಹೇಳಿದರು. ನಮ್ಮ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಒಂದನೆಯ ಅಭಿಪ್ರಾಯದಂತೆ ನಡೆದರೆ, ಘಟ್ಟದ ಮೇಲಿನ ಬಹುಪಾಲು ಕುಟುಂಬಗಳು ಎರಡನೆಯದನ್ನು ಅನುಸರಿಸುತ್ತವೆ. ಎರಡು ಅಭಿಪ್ರಾಯಗಳಲ್ಲೂ ಆಭರಣದೊಳಗೆ ಚಿನ್ನ ಎಷ್ಟಿದೆಯೆಂಬುದು ಗೊತ್ತಿಲ್ಲದೆ ಒಂದು ಹೆಜ್ಜೆಯೂ ಮುಂದಿಡಲಾಗದು.

ಝಕಾತ್‌ನಲ್ಲೂ ಇದೇ ಪ್ರಶ್ನೆ ಎದುರಾಗುತ್ತದೆ. ಬೆರಕೆಯಲ್ಲಿ ಚಿನ್ನದ ಪಾಲು ಹೆಚ್ಚಿದ್ದರೆ ಇಡೀ ತುಂಡನ್ನು ಚಿನ್ನವೆಂದೇ ಎಣಿಸಬೇಕೆನ್ನುವುದು ಹನಫಿ ನಿಲುವು. ಅದರೊಳಗಿನ ಶುದ್ಧ ಚಿನ್ನವು ನಿಸಾಬ್ ತಲುಪಬೇಕೆನ್ನುವುದು ಶಾಫಿಈ ನಿಲುವು. 85 ಗ್ರಾಂ ನಿಸಾಬ್ ಎಂದು ಹಿಡಿಯುವವರ ಲೆಕ್ಕದಲ್ಲಿ, ಸಾವಿರಕ್ಕೆ 916 ಪಾಲು ಚಿನ್ನವಿರುವ 22 ಕ್ಯಾರೆಟ್‌ನ ಗಟ್ಟಿ ಸುಮಾರು 93 ಗ್ರಾಂ ತೂಗಿದಾಗ ಮಾತ್ರ ಅದರಲ್ಲಿ ಅಷ್ಟು ಶುದ್ಧ ಚಿನ್ನ ಸಿಗುತ್ತದೆ. ಈ 8 ಗ್ರಾಂ ಅಂತರದಲ್ಲಿ ಒಬ್ಬನ ಮೇಲೆ ಝಕಾತ್ ಕಡ್ಡಾಯವಾಗುವುದೋ ಇಲ್ಲವೋ ಎಂಬುದು ನಿಂತಿರುತ್ತದೆ.

ಹಾರದ ಮಣಿಗಳನ್ನು ಬೆರಳಿನಿಂದ ಬಿಡಿಸಬಹುದು. ಚಿನ್ನದೊಳಗೆ ಕರಗಿ ಹೋದ ಬೆಳ್ಳಿಯನ್ನು ಬಿಡಿಸುವುದು ಹೇಗೆ? ಖಲೀಫ ಅಬ್ದುಲ್ ಮಲಿಕ್ ಬಿನ್ ಮರ್ವಾನ್ ಹಿಜರಿ 77ರಲ್ಲಿ (ಕ್ರಿ.ಶ. 696–97) ಬೈಝಾಂಟಿಯಂನ ನಾಣ್ಯಗಳ ಬದಲಿಗೆ ಚಿತ್ರಗಳಿಲ್ಲದ, ಬರಹವಷ್ಟೇ ಇರುವ ದೀನಾರನ್ನು ಹೊರಡಿಸಿದಾಗ ಈ ಪ್ರಶ್ನೆ ರಾಜ್ಯದ ಪ್ರಶ್ನೆಯಾಯಿತು. ದೀನಾರಿನ ತೂಕ ಒಂದು ಮಿಸ್ಕಾಲ್, ಇಂದಿನ ಲೆಕ್ಕದಲ್ಲಿ 4.25 ಗ್ರಾಂ. ತೂಕವನ್ನು ತಕ್ಕಡಿ ಹೇಳುತ್ತದೆ. ಒಳಗಿನ ಬೆರಕೆಯನ್ನು ಅದು ಹೇಳುವುದಿಲ್ಲ.

ಒರೆಗಲ್ಲು ಎಲ್ಲಕ್ಕಿಂತ ಹಳೆಯ ಉಪಾಯ. ಕಪ್ಪು ಕಲ್ಲಿನ ಮೇಲೆ ಚಿನ್ನವನ್ನು ಉಜ್ಜಿ, ಶುದ್ಧತೆ ಮೊದಲೇ ಗೊತ್ತಿರುವ ಸೂಜಿಗಳ ಗೆರೆಯೊಂದಿಗೆ ಬಣ್ಣವನ್ನು ಹೋಲಿಸುವುದು. ಅನುಭವಿ ಅಕ್ಕಸಾಲಿಗನ ಕಣ್ಣು ಅದರಲ್ಲಿ ಬಹುಮಟ್ಟಿಗೆ ಮೋಸಹೋಗದು. ಆದರೂ ಒರೆಗಲ್ಲಿಗೆ ಕಾಣುವುದು ಮೇಲ್ಮೈ ಮಾತ್ರ. ಮೇಲೆ ಚಿನ್ನದ ಹೊದಿಕೆ, ಒಳಗೆ ತಾಮ್ರ ಇದ್ದರೆ ಗೆರೆ ಸುಳ್ಳು ಹೇಳುತ್ತದೆ.

ಆದ್ದರಿಂದ ಕೊನೆಯ ತೀರ್ಪು ಬೆಂಕಿಯದಾಗಿತ್ತು. ಪುಟವಿಟ್ಟ ಚಿನ್ನ ಎಂದು ಕನ್ನಡದಲ್ಲಿ ನಾವು ಹೇಳುವ ಮಾತಿನ ಹಿಂದೆ ಇರುವುದೂ ಇದೇ ಕೆಲಸ. ಅದರಲ್ಲಿ ಎರಡು ಹಂತಗಳಿವೆ. ಮೊದಲನೆಯದರಲ್ಲಿ ಬೆರಕೆ ಲೋಹವನ್ನು ಸೀಸದೊಂದಿಗೆ ಸೇರಿಸಿ, ಮೂಳೆಯ ಬೂದಿಯಿಂದ ಮಾಡಿದ ಬಟ್ಟಲಿನಲ್ಲಿಟ್ಟು ಗಾಳಿಯಾಡುವಂತೆ ಕಾಯಿಸುತ್ತಾರೆ. ಸೀಸವು ಗಾಳಿಯೊಂದಿಗೆ ಸೇರಿ ಭಸ್ಮವಾಗುವಾಗ ತಾಮ್ರ, ತವರ ಮುಂತಾದ ಕೀಳು ಲೋಹಗಳನ್ನೂ ತನ್ನೊಡನೆ ಸೆಳೆದುಕೊಂಡು ಬಟ್ಟಲಿನ ಬೂದಿಯೊಳಗೆ ಇಂಗಿಹೋಗುತ್ತದೆ. ಮೇಲೆ ಉಳಿಯುವುದು ಹೊಳೆಯುವ ಒಂದು ಗುಂಡಿ. ಅದರಲ್ಲಿ ಚಿನ್ನ ಮತ್ತು ಬೆಳ್ಳಿ ಮಾತ್ರ ಇರುತ್ತವೆ. ಇವೆರಡನ್ನು ಸೀಸ ಬೇರ್ಪಡಿಸಲಾರದು. ಎರಡನೆಯ ಹಂತ ಅದಕ್ಕಾಗಿಯೇ ಇದೆ. ಆ ಲೋಹವನ್ನು ತೆಳುವಾದ ತಗಡಾಗಿ ಬಡಿದು, ಉಪ್ಪು ಮತ್ತು ಇಟ್ಟಿಗೆ ಪುಡಿಯ ಪದರಗಳ ನಡುವೆ ಇಟ್ಟು, ಚಿನ್ನ ಕರಗದಷ್ಟು ಬಿಸಿಯಲ್ಲಿ ಬಹಳ ಹೊತ್ತು ಕಾಯಿಸುತ್ತಾರೆ. ಉಪ್ಪಿನಂಶವು ಬೆಳ್ಳಿಯನ್ನು ಹಿಡಿದು ಇಟ್ಟಿಗೆ ಪುಡಿಗೆ ಒಯ್ಯುತ್ತದೆ, ಚಿನ್ನ ಹಾಗೆಯೇ ಉಳಿಯುತ್ತದೆ.

ಈ ವಿದ್ಯೆ ಮುಸ್ಲಿಮರು ಕಂಡುಹಿಡಿದದ್ದಲ್ಲ. ಅವರಿಗಿಂತ ಬಹಳ ಹಿಂದೆಯೇ ಅದು ಬಳಕೆಯಲ್ಲಿತ್ತು. ನಮ್ಮ ಸಾಧನೆಯ ಪಟ್ಟಿಯನ್ನು ಉದ್ದಮಾಡುವ ಉತ್ಸಾಹದಲ್ಲಿ ಇದನ್ನು ಮರೆಯುವ ಅಗತ್ಯವಿಲ್ಲ. ಅವರು ಮಾಡಿದ ಕೆಲಸ ಬೇರೆ: ಕುಲುಮೆಯ ಹೊಗೆಯಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದ ಈ ಕಸುಬನ್ನು ಬರವಣಿಗೆಗೆ ಇಳಿಸಿದರು. 10ನೆಯ ಶತಮಾನದಲ್ಲಿ ಯಮನ್‌ನ ಸನ್‌ಆದವರಾದ ಅಲ್ ಹಮ್ದಾನಿ ಚಿನ್ನ ಮತ್ತು ಬೆಳ್ಳಿಗಳೆಂಬ ಎರಡು ಅಮೂಲ್ಯ ಲೋಹಗಳ ಮೇಲೆಯೇ ಒಂದು ಗ್ರಂಥ ಬರೆದು, ಗಣಿಯಿಂದ ಟಂಕಸಾಲೆಯವರೆಗಿನ ಕೆಲಸವನ್ನೆಲ್ಲ ವಿವರಿಸಿದರು. 13ನೆಯ ಶತಮಾನದಲ್ಲಿ ಅಯ್ಯೂಬಿ ಸುಲ್ತಾನ ಅಲ್ ಕಾಮಿಲ್‌ನ ಕಾಲದಲ್ಲಿ ಇಬ್ನ್ ಬಅ್‌ರ ಎಂಬವರು ಈಜಿಪ್ಟಿನ ಟಂಕಸಾಲೆಯ ಒಳಗುಟ್ಟುಗಳನ್ನು ಬರೆದಿಟ್ಟರು. ಪುಟಕ್ಕಿಡುವ ಮೊದಲು ತೂಗುವುದು, ಪುಟದಿಂದ ತೆಗೆದ ಮೇಲೆ ಮತ್ತೆ ತೂಗುವುದು ಈ ಪರೀಕ್ಷೆಯ ತಿರುಳು. ಮತ್ತೆ ಬೆಂಕಿಗೆ ಹಾಕಿದರೂ ತೂಕ ಇಳಿಯದಿದ್ದರೆ ಅದು ಅಪರಂಜಿ. ಶುದ್ಧತೆಯನ್ನು ಕಣ್ಣಿನ ಮೆಚ್ಚುಗೆಗೆ ಬಿಡದೆ ತಕ್ಕಡಿಯ ಸಾಕ್ಷಿಗೆ ಒಪ್ಪಿಸಿದ ಈ ಕ್ರಮ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಬೆಂಕಿಗೆ ಒಂದು ದೋಷವಿದೆ. ಅದು ಪರೀಕ್ಷಿಸುವ ವಸ್ತುವನ್ನೇ ಕೆಡಿಸುತ್ತದೆ. ಒಂದು ಚೂರು ಗಟ್ಟಿಯನ್ನು ಕತ್ತರಿಸಿ ಕರಗಿಸಬಹುದು. ಕುಶಲಿಗನು ವರ್ಷಗಟ್ಟಲೆ ಕುಳಿತು ಮಾಡಿದ ಪಾತ್ರೆಯನ್ನೋ ಕಿರೀಟವನ್ನೋ ಕತ್ತರಿಸುವವರಾರು? ಒಡೆಯದೆ, ಕರಗಿಸದೆ ಒಳಗಿನ ಬೆರಕೆಯನ್ನು ಅರಿಯುವ ದಾರಿಯಿದೆಯೇ? ನೀರಿನಲ್ಲಿ ಅದ್ದಿ ಅರಿಯಬಹುದೆಂಬ ಸುಳಿವು ಗ್ರೀಕ್ ವಿದ್ವಾಂಸ ಆರ್ಕಿಮಿಡೀಸನಿಂದ ಬಂದಿತ್ತು. ಅದನ್ನು ಪಳಗಿಸಿ ನಿಖರವಾದ ಅಳತೆಯನ್ನಾಗಿ ಮಾಡಿದವರು ಖ್ವಾರಝಮ್‌ನಲ್ಲಿ ಹುಟ್ಟಿ ಘಝ್ನಿಯಲ್ಲಿ ಬಾಳಿದ ಅಬೂ ರೈಹಾನ್ ಅಲ್ ಬೈರೂನಿ (973–1048). ಭಾರತದ ಕುರಿತಾದ ಗ್ರಂಥದಿಂದಾಗಿ ನಾವು ಬಲ್ಲ ಬೈರೂನಿ ಇವರೇ.

ಬೈರೂನಿ ಶಂಕುವಿನ ಆಕಾರದ ಒಂದು ಪಾತ್ರೆ ಮಾಡಿಸಿದರು. ಅದರ ಕತ್ತು ಕಿರಿದು. ಕತ್ತಿನ ಪಕ್ಕದಲ್ಲಿ ಕೆಳಕ್ಕೆ ಬಾಗಿದ ಒಂದು ನಳಿಕೆ. ನಳಿಕೆಯ ಮಟ್ಟಕ್ಕೆ ನೀರು ತುಂಬಿಸಿ, ತೂಗಿದ ಲೋಹವನ್ನು ಒಳಗೆ ಬಿಟ್ಟರೆ ಅದು ಆಕ್ರಮಿಸಿದ ಜಾಗದಷ್ಟು ನೀರು ನಳಿಕೆಯಿಂದ ಹೊರಬರುತ್ತದೆ. ಆ ನೀರನ್ನು ತೂಗಬೇಕು. ಬಾಯಿ ಅಗಲವಾಗಿದ್ದರೆ ಸ್ವಲ್ಪ ನೀರು ಏರಿದರೂ ಕಣ್ಣಿಗೆ ತಿಳಿಯದು. ಕತ್ತು ಕಿರಿದಾಗಿದ್ದರೆ ತಿಳಿಯುತ್ತದೆ. ಈ ರೀತಿ 100 ಮಿಸ್ಕಾಲ್ ಚಿನ್ನ ಹೊರಹಾಕುವ ನೀರು ಐದೂಕಾಲು ಮಿಸ್ಕಾಲ್. ಅಷ್ಟೇ ತೂಕದ ಬೆಳ್ಳಿ ಹೊರಹಾಕುವ ನೀರು ಸುಮಾರು 9.7 ಮಿಸ್ಕಾಲ್. ಇಂದಿನ ಮಾತಿನಲ್ಲಿ ಹೇಳುವುದಾದರೆ ಚಿನ್ನದ ವಿಶಿಷ್ಟ ಗುರುತ್ವ 19.05, ಬೆಳ್ಳಿಯದು 10.30. ಇಂದಿನ ಪ್ರಯೋಗಾಲಯಗಳು ಹೇಳುವ ಅಂಕಿಗಳು 19.3 ಮತ್ತು 10.5. ಪಾದರಸಕ್ಕೆ 13.56 ಬಂದಿತ್ತು, ಇಂದು ನಾವು 13.6 ಎನ್ನುತ್ತೇವೆ. ಸಾವಿರ ವರ್ಷಗಳ ಹಿಂದೆ, ಕೈಯಲ್ಲಿ ಬಡಿದು ಮಾಡಿದ ಪಾತ್ರೆಯಲ್ಲಿ!

ಈ ಎರಡು ಅಂಕಿಗಳು ಕೈಯಲ್ಲಿದ್ದರೆ ಉಳಿದದ್ದು ಲೆಕ್ಕ. 100 ಮಿಸ್ಕಾಲ್ ತೂಗುವ, ಚಿನ್ನದ್ದೆಂದು ಹೇಳಲಾದ ಪಾತ್ರೆಯೊಂದು ನೀರಿಗೆ ಬಿದ್ದಾಗ ಐದೂಕಾಲಿನ ಬದಲು ಸುಮಾರು 6.4 ಮಿಸ್ಕಾಲ್ ನೀರನ್ನು ಹೊರಹಾಕಿತೆನ್ನಿ. ಅದರಲ್ಲಿ ನಾಲ್ಕನೆಯ ಒಂದು ಪಾಲು ಬೆಳ್ಳಿ ಇದೆ. ಪಾತ್ರೆಗೆ ಒಂದು ಗೀರೂ ಬಿದ್ದಿಲ್ಲ. ಆದರೆ ಬೆರಕೆ ಎರಡೇ ಲೋಹಗಳದ್ದಾಗಿರಬೇಕು, ಅವು ಯಾವುವೆಂಬುದೂ ಗೊತ್ತಿರಬೇಕು. ಮೂರನೆಯದು ಸೇರಿದರೆ ಈ ಲೆಕ್ಕಕ್ಕೆ ಒಂದೇ ಉತ್ತರ ಉಳಿಯುವುದಿಲ್ಲ.

ಮುಂದಿನ ಶತಮಾನದಲ್ಲಿ ಇದೇ ವಿದ್ಯೆ ಖುರಾಸಾನ್‌ನಲ್ಲಿ ಬೆಳೆಯಿತು. ಉಮರ್ ಖಯ್ಯಾಮರ ಸಮಕಾಲೀನ ಅಲ್ ಮುಝಫ್ಫರ್ ಅಲ್ ಇಸ್ಫಿಝಾರಿ ನೀರಿನಲ್ಲಿ ತೂಗುವ ಒಂದು ಸೂಕ್ಷ್ಮ ತಕ್ಕಡಿಯನ್ನು ಕಟ್ಟಿದರು. ಶುದ್ಧ ಲೋಹ ಯಾವುದು, ಬೆರಕೆ ಯಾವುದು ಎಂದು ಅದು ತೋರಿಸುತ್ತಿತ್ತು. ಜೀವನಚರಿತ್ರೆಕಾರ ಝಹೀರುದ್ದೀನ್ ಅಲ್ ಬೈಹಕಿ ಹೇಳುವಂತೆ, ಸುಲ್ತಾನ್ ಸಂಜರ್‌ನ ಬೊಕ್ಕಸದ ಅಧಿಕಾರಿಗೆ ಆ ತಕ್ಕಡಿ ಭಯ ಹುಟ್ಟಿಸಿತು. ತನ್ನ ವಂಚನೆ ಬಯಲಾದೀತೆಂದು ಅವನು ಅದನ್ನು ಮುರಿದು ಬಿಡಿಭಾಗಗಳನ್ನು ಚದುರಿಸಿಬಿಟ್ಟ. ಸುದ್ದಿ ಕೇಳಿದ ಇಸ್ಫಿಝಾರಿ ಹಾಸಿಗೆ ಹಿಡಿದರು. ಆ ದುಃಖದಲ್ಲೇ ತೀರಿಕೊಂಡರು. ಒಂದು ತಕ್ಕಡಿಯ ನಿಖರತೆಗೆ ಒಬ್ಬ ಅಧಿಕಾರಿ ಇಷ್ಟು ಹೆದರಿದ್ದ.

ತಕ್ಕಡಿ ಮುರಿದರೂ ವಿದ್ಯೆ ಉಳಿಯಿತು. ಅದನ್ನು ಉಳಿಸಿದವರು ಮರ್ವ್ ನಗರದ ಅಬ್ದುರ್ರಹ್ಮಾನ್ ಅಲ್ ಖಾಝಿನಿ. ಗ್ರೀಕ್ ಮೂಲದ ಗುಲಾಮರಾಗಿದ್ದ ಇವರನ್ನು ಮರ್ವ್‌ನ ಒಬ್ಬ ಖಜಾಂಚಿ ಓದಿಸಿ ಬೆಳೆಸಿದರು. ಹೆಸರೂ ಆ ಖಜಾನೆಯಿಂದಲೇ ಬಂತು. ಹಿಜರಿ 515ರಲ್ಲಿ (ಕ್ರಿ.ಶ. 1121–22) ಇವರು ‘ಮೀಝಾನುಲ್ ಹಿಕ್ಮ’ ಎಂಬ ಗ್ರಂಥವನ್ನು ಸಂಜರ್‌ನ ಬೊಕ್ಕಸಕ್ಕಾಗಿ ಬರೆದರು. ವಿವೇಕದ ತಕ್ಕಡಿ ಎಂದು ಇದರ ಅರ್ಥ. ಮೀಝಾನ್ ಎಂಬ ಪದ ಸೂರಃ ಅರ್ರಹ್ಮಾನ್ ಓದುವ ಯಾರಿಗೂ ಹೊಸದಲ್ಲ. ಇಸ್ಫಿಝಾರಿಯವರ ತಕ್ಕಡಿಯನ್ನು ಖಾಝಿನಿ ತಿದ್ದಿ ಬೆಳೆಸಿದರು, ಬೈರೂನಿಯ ಅಳತೆಗಳನ್ನು ತಮ್ಮ ಗ್ರಂಥದಲ್ಲಿ ಜೋಪಾನ ಮಾಡಿದರು. ಈ ತಕ್ಕಡಿಗೆ ಐದು ತಟ್ಟೆಗಳು; ದಂಡ ನಾಲ್ಕು ಮೊಳ ಉದ್ದ. 1000 ಮಿಸ್ಕಾಲ್ ತೂಗುವಾಗ ಒಂದು ಹಬ್ಬ, ಅಂದರೆ ಒಂದು ಕಾಳಿನಷ್ಟು ವ್ಯತ್ಯಾಸವನ್ನೂ ಅದು ತೋರಿಸುತ್ತಿತ್ತೆಂದು ಅವರು ಬರೆದಿದ್ದಾರೆ. ನೀರು ಬಿಸಿಯಾದರೆ ಒಂದು ತೂಕ, ತಣ್ಣಗಾದರೆ ಇನ್ನೊಂದು ಎಂಬುದು ಅವರಿಗೆ ತಿಳಿದಿತ್ತು.

ಖಾಝಿನಿಯ ಬದುಕಿನ ಬಗ್ಗೆಯೂ ಬೈಹಕಿ ಬರೆದಿದ್ದಾರೆ. ಸಂಜರ್ ಕಳುಹಿಸಿದ 1000 ದೀನಾರ್‌ಗಳನ್ನು ಅವರು ಮರಳಿಸಿದರಂತೆ. ವರ್ಷಕ್ಕೆ ಮೂರು ದೀನಾರ್ ಸಾಕು, ಮನೆಯಲ್ಲಿ ತನ್ನೊಂದಿಗೆ ಒಂದು ಬೆಕ್ಕಲ್ಲದೆ ಬೇರಾರೂ ಇಲ್ಲವೆಂಬುದು ಅವರು ಕೊಟ್ಟ ಕಾರಣ. ರಾಜನ ಚಿನ್ನವನ್ನು ಅಳೆಯುವವನ ಕೈ ಎಂಥದ್ದಿರಬೇಕೆಂದು ಯೋಚಿಸುವಾಗಲೆಲ್ಲ ನನಗೆ ಆ ಬೆಕ್ಕು ನೆನಪಾಗುತ್ತದೆ. ಈ ಗ್ರಂಥ ಯುರೋಪಿಗೆ ತಿಳಿದದ್ದು ಬಹಳ ತಡವಾಗಿ. ತಬ್ರೀಝ್‌ನಲ್ಲಿ ರಷ್ಯಾದ ರಾಯಭಾರ ಅಧಿಕಾರಿಯಾಗಿದ್ದ ಖಾನಿಕೋಫ್ ಅದರ ಭಾಗಗಳನ್ನು 1860ರ ಸುಮಾರಿಗೆ ಪ್ರಕಟಿಸಿದರು.

ಬೊಕ್ಕಸಕ್ಕೆ ಖಾಝಿನಿಯ ತಕ್ಕಡಿ ಇತ್ತು, ಸರಿ. ಹಾಲು ಕೊಳ್ಳುವ ಬಡವಳಿಗೆ ಏನಿತ್ತು? ಪ್ರವಾದಿವರ್ಯರು(ಸ) ಮದೀನದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ, ಮೇಲೆ ಒಣಗಿದ್ದು ಒಳಗೆ ಒದ್ದೆಯಾಗಿರುವುದನ್ನು ಕಂಡು ವ್ಯಾಪಾರಿಯನ್ನು ಪ್ರಶ್ನಿಸಿದ ಘಟನೆ ನಮಗೆಲ್ಲ ಗೊತ್ತು. ಒದ್ದೆ ಭಾಗ ಜನರಿಗೆ ಕಾಣುವಂತೆ ಮೇಲೆ ಇರಬೇಕಿತ್ತೆಂದು ಅವನಿಗೆ ಹೇಳಿದರು. ಆ ಕೈಯ ಕೆಲಸವನ್ನು ಮುಂದೆ ಮುಹ್ತಸಿಬ್ ಎಂಬ ಪೇಟೆಯ ಮೇಲ್ವಿಚಾರಕ ವಹಿಸಿಕೊಂಡ. 12ನೆಯ ಶತಮಾನದ ಸಿರಿಯಾದಲ್ಲಿ ಅಶ್ಶೈಝರಿ ಎಂಬವರು ಅಂಥ ಅಧಿಕಾರಿಗಳಿಗಾಗಿ ಒಂದು ಕೈಪಿಡಿ ಬರೆದರು. ಹಾಲಿಗೆ ನೀರು ಬೆರೆಸಿದ ಸಂಶಯವಿದ್ದರೆ ಅದರಲ್ಲಿ ಒಂದು ಕೂದಲನ್ನು ಅದ್ದಿ ತೆಗೆಯಬೇಕು. ಕೂದಲಿಗೆ ಹಾಲು ಅಂಟದಿದ್ದರೆ ನೀರು ಬೆರೆತಿದೆ. ಬೇಯಿಸಿದ ಕೋಳಿಯ ಎದೆಮಾಂಸವನ್ನೋ ದನದ ಮಾಂಸವನ್ನೋ ಎಳೆ ಎಳೆಯಾಗಿ ಬಿಡಿಸಿ, ಒಣಗಿಸಿ, ಬಣ್ಣ ಕೊಟ್ಟು ಕೇಸರಿಯಲ್ಲಿ ಬೆರೆಸುವವರಿದ್ದರು. ಸಂಶಯದ ಕೇಸರಿಯನ್ನು ವಿನಿಗರ್‌ನಲ್ಲಿ ನೆನೆಸಿದರೆ ಮಾಂಸದ ಎಳೆ ಮುದುಡಿಕೊಂಡು ಗುಟ್ಟು ರಟ್ಟಾಗುತ್ತದೆ. ಪ್ರಯೋಗಾಲಯವಿಲ್ಲದ ಊರಿನಲ್ಲಿ ಒಂದು ಕೂದಲು, ಒಂದು ಬಟ್ಟಲು ಹುಳಿ ಸಾಕಾಗಿತ್ತು. ಕೆಲವು ಮೋಸಗಳನ್ನು ಶೈಝರಿ ಬೇಕೆಂದೇ ಬರೆಯಲಿಲ್ಲ. ದುಷ್ಟರು ತನ್ನ ಪುಸ್ತಕ ಓದಿ ಕಲಿತಾರೆಂಬ ಅಂಜಿಕೆ ಅವರಿಗಿತ್ತು.

ಅಂಜಿಕೆಗೆ ಕಾರಣವೂ ಇತ್ತು. ಬೇರ್ಪಡಿಸುವ ವಿದ್ಯೆ ಬಲ್ಲವನಿಗೆ ಬೆರೆಸುವ ವಿದ್ಯೆಯೂ ಗೊತ್ತಿರುತ್ತದೆ. 9ನೆಯ ಶತಮಾನದ ಮಹಾ ವಿದ್ವಾಂಸ ಅಲ್ ಕಿಂದಿಯ ಸುಗಂಧ ದ್ರವ್ಯಗಳ ಗ್ರಂಥದಲ್ಲಿ ಭಟ್ಟಿ ಇಳಿಸುವ ಕ್ರಮಗಳ ಜತೆಗೆ ಕಸ್ತೂರಿ, ಕರ್ಪೂರಗಳ ನಕಲು ತಯಾರಿಸುವ ವಿಧಾನಗಳೂ ಇವೆ. ರೈ ನಗರದ ವೈದ್ಯ ಅಬೂಬಕರ್ ಅರ್ರಾಝಿ ಭಟ್ಟಿ ಇಳಿಸುವುದು, ಸೋಸುವುದು, ಆವಿಯಾಗಿಸಿ ಮತ್ತೆ ಹರಳುಗಟ್ಟಿಸುವುದು ಮುಂತಾದವನ್ನು ಪಾತ್ರೆಗಳ ವಿವರದೊಂದಿಗೆ ಬರೆದಿಟ್ಟದ್ದು ಚಿನ್ನ ಮಾಡುವ ರಸವಿದ್ಯೆಯ ಹಂಬಲದಲ್ಲೇ. ಕೀಳು ಲೋಹಕ್ಕೆ ಚಿನ್ನದ ಬಣ್ಣ ಕೊಡಬಹುದೇ ಹೊರತು ಅದನ್ನು ಚಿನ್ನವಾಗಿಸಲಾಗದೆಂದು ಇಬ್ನ್ ಸೀನಾ ನಿಷ್ಠುರವಾಗಿ ವಾದಿಸಿದರು. ಅರ್ರಾಝಿಯ ಹಂಬಲ ಈಡೇರಲಿಲ್ಲ. ಅವರ ಪಾತ್ರೆಗಳು ಅತ್ತರಿನ, ಔಷಧಿಯ ಅಂಗಡಿಗಳಲ್ಲಿ ಉಳಿದವು.

ಟಂಕಸಾಲೆಯ ಕಥೆ ನಮ್ಮ ನಾಡಿನ ನಾಣ್ಯವೊಂದನ್ನೂ ಮುಟ್ಟುತ್ತದೆ. ಅಕ್ಬರನ ಆಡಳಿತದ ವಿವರಗಳನ್ನು ಅಬುಲ್ ಫಝ್ಲ್ ‘ಆಈನೆ ಅಕ್ಬರಿ’ಯಲ್ಲಿ ದಾಖಲಿಸುವಾಗ ಚಿನ್ನದ ಪರೀಕ್ಷೆಗೆ ಸಾಕಷ್ಟು ಪುಟಗಳನ್ನು ಮೀಸಲಿಟ್ಟಿದ್ದಾರೆ. ಒರೆಗಲ್ಲಿನ ಮೇಲೆ ಉಜ್ಜುವ ಸೂಜಿಗಳನ್ನು ಯಾವ ಪ್ರಮಾಣದ ಬೆರಕೆಯಿಂದ ಮಾಡಬೇಕು, ತಗಡಿಗೆ ಇಟ್ಟಿಗೆ ಪುಡಿ ಲೇಪಿಸಿ ಬೆರಣಿಯ ಬೆಂಕಿಯಲ್ಲಿ ಹೇಗೆ ಪುಟವಿಡಬೇಕು ಎಂಬುದೆಲ್ಲ ಅಲ್ಲಿದೆ. ಅಂದಿನ ಹಿಂದುಸ್ಥಾನದಲ್ಲಿ ಶುದ್ಧತೆಯ ಮೆಟ್ಟಿಲುಗಳನ್ನು ‘ಬಾನಿ’ ಎನ್ನುತ್ತಿದ್ದರು. ಅತ್ಯುನ್ನತವಾದುದು ಹನ್ನೆರಡು ಬಾನಿ. ದಖ್ಖನಿನಲ್ಲಿ ಚಲಾವಣೆಯಲ್ಲಿದ್ದ ಹಳೆಯ ‘ಹೂನ್’ ನಾಣ್ಯವನ್ನು ಹತ್ತು ಬಾನಿಯದೆಂದು ಜನ ನಂಬಿದ್ದರೆಂದೂ, ಅಕ್ಬರನ ಪರೀಕ್ಷೆಯಲ್ಲಿ ಅದು ಎಂಟೂವರೆಗೆ ಇಳಿಯಿತೆಂದೂ ಅಬುಲ್ ಫಝ್ಲ್ ಬರೆಯುತ್ತಾರೆ. ಹೂನ್ ಎಂದರೆ ಬೇರೇನಲ್ಲ, ನಮ್ಮ ಹೊನ್ನು. ಇದರಲ್ಲಿ ಉತ್ತರದವರ ಹೆಮ್ಮೆಯ ವಾಸನೆ ಹಿಡಿಯುವ ಮುನ್ನ ಮುಂದಿನ ಮಾತನ್ನೂ ಓದಬೇಕು: ದೆಹಲಿಯ ಅಲಾವುದ್ದೀನನ ದೀನಾರನ್ನು ಹನ್ನೆರಡು ಬಾನಿಯದೆಂದು ಎಣಿಸಲಾಗಿತ್ತು, ಅದೂ ಹತ್ತೂವರೆಗೆ ಇಳಿಯಿತು.

ನಮ್ಮ ದೇಶದಲ್ಲಿ ಚಿನ್ನಾಭರಣಗಳಿಗೆ ಹಾಲ್‌ಮಾರ್ಕ್ 2021ರ ಜೂನ್ 16ರಿಂದ ಹಂತಹಂತವಾಗಿ ಕಡ್ಡಾಯವಾಯಿತು. ಅಂಗಡಿಯಲ್ಲಿ ಆಭರಣವನ್ನು ಎಕ್ಸ್‌-ರೇ ಯಂತ್ರದೊಳಗಿಟ್ಟು ಕ್ಷಣದಲ್ಲಿ ಶುದ್ಧತೆ ಹೇಳುತ್ತಾರೆ. ಆ ಕಿರಣವೂ ಒರೆಗಲ್ಲಿನಂತೆ ಬಹುಮಟ್ಟಿಗೆ ಮೇಲ್ಪದರವನ್ನಷ್ಟೇ ನೋಡುತ್ತದೆ. ವಿವಾದ ಬಂದರೆ ಇಂದೂ ಕೊನೆಯ ತೀರ್ಪು ಬೆಂಕಿಯದೇ: ಸೀಸದ ಹಾಳೆಯಲ್ಲಿ ಸುತ್ತಿದ ಒಂದು ಚೂರು, ಅದೇ ಬಟ್ಟಲು, ಅದೇ ಕುಲುಮೆ. ಬೆಳ್ಳಿಯನ್ನು ಬಿಡಿಸಲು ಉಪ್ಪಿನ ಬದಲು ನೈಟ್ರಿಕ್ ಆಮ್ಲ ಬಂದಿದೆ. ಕುಂದನ್, ಪೋಲ್ಕಿ, ಜಡಾವು ಆಭರಣಗಳನ್ನು ಮಾತ್ರ ಈ ಕಡ್ಡಾಯದಿಂದ ಹೊರಗಿಡಲಾಗಿದೆ. ಕಲ್ಲು, ಅರಗುಗಳ ನಡುವೆ ಚಿನ್ನ ಹುದುಗಿರುವ, ಫಝಾಲರ(ರ) ಹಾರದ ಜಾತಿಗೆ ಸೇರಿದ ಆಭರಣಗಳವು.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹಳೆಯ ಕಲ್ಲಿನ ಹಾರವೊಂದನ್ನು ಮಾರಲು ಒಯ್ದಿದ್ದೆವು. ಅಂಗಡಿಯವರು ತೂಗಿ, ಕಲ್ಲಿಗೂ ಅರಗಿಗೂ ಇಷ್ಟೆಂದು ಕಣ್ಣಂದಾಜಿನಲ್ಲಿ ಕಳೆದು ಬೆಲೆ ಹೇಳಿದರು. ನಾನು ಒಪ್ಪಲು ಸಿದ್ಧನಿದ್ದೆ. ಉಮ್ಮ ಒಪ್ಪಲಿಲ್ಲ. ಕಲ್ಲು ಬಿಡಿಸಿ, ಅರಗು ಕರಗಿಸಿ ತೆಗೆದು, ಆಮೇಲೆ ತೂಗಿ ಎಂದರು. ಹಾರ ಹಾಳಾಗುತ್ತದಲ್ಲ ಎಂದು ಅಂಗಡಿಯವರು ಹೇಳಿದಾಗ, ಆಗಲಿ ಎಂದಷ್ಟೇ ಹೇಳಿ ಬೆಂಚಿನ ಮೇಲೆ ಕುಳಿತರು. ಒಂದು ಗಂಟೆ ಹಿಡಿಯಿತು. ಚಿನ್ನ ಅವರ ಅಂದಾಜಿಗಿಂತ ಮೂರು ಗ್ರಾಂ ಹೆಚ್ಚಿತ್ತು. ಬಿಡಿಸಿದ ಕಲ್ಲುಗಳನ್ನು ಉಮ್ಮ ಕರವಸ್ತ್ರದಲ್ಲಿ ಗಂಟುಕಟ್ಟಿ ಮನೆಗೆ ತಂದರು.